ಟೀವಿಯಲ್ಲಿ ಬಾರದ ಅತ್ತೆಯ ಹಾಡು

ಸೊಗಡವರೆ ಸುಲಿಯುವಾಗ ಬೆರಳಿಗೆ ಅಂಟುವ ವಾಸನೆ ಇಂದಿಗೂ ನನ್ನನ್ನು ನಮ್ಮೂರು ಕಿರುಗಾವಲಿನ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಹಾಡುಗಳೇ ತುಂಬಿದ್ದ ಹೊಸ ಟೀವಿ ಧಾರಾವಾಹಿಯೊಂದರಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹಾಡಿ ನಟಿಸಿದ್ದಳು. ಮನೆ ಮಗಳು ಹಾಗೆ ಕುಣಿದು ಹಾಡುವುದೇ ಎಂದು ತಾತ ಅವಳೊಂದಿಗೆ ಮಾತು ಬಿಟ್ಟಿದ್ದರು. ಅವಳ ಕಂತು ಬರುವ ದಿನ ಕೇರಿಯ ಹೆಂಗಸರೆಲ್ಲ ಅವರೆಕಾಯಿ ಸುಲಿಯುತ್ತ ಅತ್ತೆಯೊಂದಿಗೆ ನಮ್ಮ ನಡುಮನೆಯಲ್ಲಿ ಕೂತಿದ್ದರು. ಧಾರಾವಾಹಿಯ ಬದಲು ಅಡುಗೆ ಕಾರ್ಯಕ್ರಮ ಬಂತು. ಅತ್ತೆ ಧಾರಾವಾಹಿಯವರಿಗೆ ಫೋನು ಮಾಡಿ ವಿಚಾರಿಸಿದಳು.

"ಯಾರೂ ನೋಡ್ತಿಲ್ವಂತೆ, ನಿಲ್ಸ್‌ಬುಟ್ರಂತೆ," ಎಂದು ತಲೆ ತಗ್ಗಿಸಿ ಕೂತಳು.

ಜಗಲಿಯಲ್ಲಿದ್ದ ತಾತ ಒಳಗೆ ಬಂದು ಟೀವಿ ಆರಿಸಿ, ಅವಳೆದುರು ನೆಲದ ಮೇಲೆ ಕೂತರು.

"ಟೀವೀಲಿ ಅದೇನ್ ಪದ ಏಳಿದ್ಯೋ ಅದ್ನೇ ಏಳವ್ವ. ಕೇಳ್ಬೇಕಂತ್ಲೇ ಇವತ್ತು ಗದ್ದೆಗೆ ಓಗ್ನಿಲ್ಲ ನಾನು."

ಅತ್ತೆ ತಲೆಯೆತ್ತಿ ಹಾಡತೊಡಗಿದಳು. ಅವಳು ಹಾಡಿ ಮುಗಿಸುವವರೆಗೂ ತಾತ ಏಳಲಿಲ್ಲ.