ಗಾಜು ಒಡೆಯುವ ಮುನ್ನ

ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು ಕಳಿಸುವವರೇ, ಇವತ್ತು ಎರಡು ನಿಮಿಷ ಇದನ್ನು ಓದಿ...

ಹುಬ್ಬಳ್ಳಿ ಕಡೆಯ ಒಂದು ಅಗ್ನಿಶಾಮಕ ಠಾಣೆ. ಅಲ್ಲಿ ಫಕೀರಪ್ಪ ಎಂಬ ಹಿರಿಯರು. ಇಪ್ಪತ್ತೆಂಟು ವರ್ಷ ಬೆಂಕಿಯ ಜೊತೆ ಗುದ್ದಾಡಿದ ಮನುಷ್ಯ.

ಹೊಸಬರಿಗೆ ಅವರ ಮೊದಲ ಪಾಠ... "ಹೊಗಿ ಕಂಡ್ರ ಮೊದ್ಲ ಕಿಟಕಿ ಗ್ಲಾಸ್ ಒಡೀರಿ. ಒಳಗಿದ್ದವ್ರಿಗೆ ಉಸಿರು ಸಿಗತೈತಿ."

ಸರಿಯಾಗಿಯೇ ಇದೆ ಅಲ್ವಾ? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಬಿಡಿ.

ಒಂದು ದಿನ ಬೆಂಕಿಯ ಬಗ್ಗೆ ಸಂಶೋಧನೆ ಮಾಡುವ ದಾಕ್ಷಾಯಿಣಿ ಮೇಡಂ ಠಾಣೆಗೆ ಬಂದರು. ಅಂಗಳದಲ್ಲಿ ಇಟ್ಟಿಗೆಯ ಎರಡು ಕೋಣೆ ಕಟ್ಟಿಸಿ, ಎರಡರಲ್ಲೂ ಹಳೇ ಸೋಫಾ ಇಟ್ಟು ಬೆಂಕಿ ಹಚ್ಚಿಸಿದರು. ಬಾಗಿಲು, ಕಿಟಕಿ ಬಂದ್.

"ಸೋಫಾ ಸುಟ್ಟು ನಮಗ ಬೆಂಕಿ ಕಲಿಸಾಕ ಬಂದಾರ ನೋಡ್ರಪಾ!" ಫಕೀರಪ್ಪ ನಕ್ಕರು.

ಮೇಡಂ ಸಿಟ್ಟಾಗಲಿಲ್ಲ. "ಮೊದಲನೇ ಕೋಣಿ ಗ್ಲಾಸ್ ನೀವ ಒಡೀರಿ ಸರ್," ಎಂದು ಉದ್ದನೆಯ ಕೊಕ್ಕೆ ಕೊಟ್ಟರು.

ಫಳ್ ಅಂತ ಒಡೆದರು. ಮೊದಲು ಹೊಗೆ ಬಂತು... ಒಂದು ನಿಮಿಷವೂ ಆಗಿರಲಿಲ್ಲ, ಭುಗ್ ಅಂತ ಇಡೀ ಕೋಣೆ ಹೊತ್ತಿಕೊಂಡಿತು!

"ಗಾಳಿ ಇಲ್ದ ಬೆಂಕಿ ಒಳಗ ಸೊರಗಿತ್ತು ಸರ್. ನಾವ ಗಾಳಿ ಕೊಟ್ವಿ," ಎಂದರು ಮೇಡಂ.

ಎರಡನೇ ಕೋಣೆಯ ಬಾಗಿಲನ್ನು ಗೇಣಷ್ಟೇ ತೆರೆಸಿ ಮೊದಲು ನೀರು ಹೊಡೆಸಿದರು. ಕಿಟಕಿ ಆಮೇಲೆ. ಬೆಂಕಿ ಅಲ್ಲೇ ತಣ್ಣಗಾಯಿತು.

ಫಕೀರಪ್ಪ ಕೊಕ್ಕೆ ಕೆಳಗಿಟ್ಟು ಅಲ್ಲೇ ಕೂತರು...

ಹನ್ನೊಂದು ವರ್ಷದ ಹಿಂದೆ ಒಂದು ಗಾದಿ ಅಂಗಡಿಯ ಬೆಂಕಿಯಲ್ಲಿ ಅವರ ಜೀವದ ಗೆಳೆಯ ಮಾಬುಸಾಬ್ ತೀರಿಕೊಂಡಿದ್ದರು. ಒಳಗಿದ್ದ ಗೆಳೆಯನಿಗೆ ಉಸಿರು ಸಿಗಲಿ ಎಂದು ಹೊರಗಿನಿಂದ ಗಾಜು ಒಡೆದವರು ಇದೇ ಫಕೀರಪ್ಪ. ಒಡೆದ ಕೂಡಲೇ ಅಂಗಡಿ ಭುಗ್ ಅಂದಿತ್ತು; ತಡವಾಗಿ ಒಡೆದೆನಲ್ಲಾ ಎಂದು ಇಷ್ಟು ವರ್ಷ ಕೊರಗಿದ್ದರು!

ಮಾಬುಸಾಬ್ ಮಗ ದಾವಲ್ ಈಗ ಪಕ್ಕದಲ್ಲೇ ನಿಂತಿದ್ದ. ಅಪ್ಪ ಹೋದ ಮೇಲೆ ಅನುಕಂಪದ ನೌಕರಿ ಸಿಕ್ಕು ಅದೇ ಠಾಣೆಗೆ ಸೇರಿದವನು. ಅವನಿಗೂ ಫಕೀರಪ್ಪ ಕಲಿಸಿದ್ದು ಅದೇ ಪಾಠ.

ಸುಮ್ಮನಿದ್ದರೆ ಅವತ್ತು ಗಾಜು ಒಡೆದದ್ದು ಯಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ... ಆದರೆ ನಾಳೆ ಎಲ್ಲಾದರೂ ಬೆಂಕಿ ಬಿದ್ದರೆ ಇವನೂ ಕಲಿತ ಅಭ್ಯಾಸಕ್ಕೆ ಓಡಿ ಹೋಗಿ ಗಾಜು ಒಡೆಯುತ್ತಾನೆ.

ಫಕೀರಪ್ಪ ಎದ್ದು ಎಲ್ಲರ ಎದುರಿಗೇ ಅವನ ಕೈ ಹಿಡಿದರು.

"ತಮ್ಮಾ... ಅವತ್ತ ಗ್ಲಾಸ್ ಒಡದಾಂವ ನಾನ. ಅವಂಗ ಚಲೋ ಆಗ್ಲಿ ಅಂತ ಒಡದೆ. ನಿನಗೂ ತಪ್ಪ ಕಲಿಸೇನಿ. ಆ ಪಾಠ ಮರತಬಿಡು!" ಗಳಗಳ ಅತ್ತುಬಿಟ್ಟರು.

ದಾವಲ್ ಅವರ ಕೈ ಬಿಡಲಿಲ್ಲ. ಅವನ ಕಣ್ಣಲ್ಲೂ ನೀರು.

"ಅವತ್ತ ನಿಮಗ ಇದನ್ನ ಹೇಳಾವ್ರು ಯಾರೂ ಇದ್ದಿದ್ದಿಲ್ಲ ಕಾಕಾ... ನನಗ ನೀವು ಹೇಳಿದ್ರಿ. ಬರ್ರಿ, ಮೇಡಂ ಕಡೆ ಇನ್ನೊಂದು ಹಳೇ ಸೋಫಾ ಐತಿ. ಇಬ್ರೂ ಕೂಡೇ ಕಲಿಯೂಣ."

*ಅನುಭವ ದೊಡ್ಡದೇ... ಆದರೆ "ನಾನು ಕಲಿಸಿದ್ದು ತಪ್ಪು" ಎನ್ನುವ ಧೈರ್ಯ ಇನ್ನೊಂದು ಜೀವ ಉಳಿಸುತ್ತದೆ.*

ನೀವು ಕಿರಿಯರಿಗೆ ಕಲಿಸಿದ ಯಾವ ಪಾಠವನ್ನು ಇವತ್ತು ತಿದ್ದಬೇಕಿದೆ?