ಎರಡು ಗುರಿಯ ಮನೆ

"ಲೋ ತಿಪ್ಪೇಶ, ಡ್ರೋನು ನಿನ್ನ ನೋಡಿ ಕುಂಟು ಕತ್ತೆ ಅಂತ ಬರ್ಕೊಂಡೈತೆ. ಕತ್ತೆಗೆಲ್ಲಾ ಮನೆ ಕೊಡೋಕಾಗಲ್ಲ ಕಣೋ!"

ಗುಮಾಸ್ತ ಮೈಕಿನಲ್ಲೇ ಹೇಳಿದ. ಕ್ಯೂನಲ್ಲಿದ್ದ ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೇನಾನೆಲೆಯ ಬೇಲಿಗೆ ಅಂಟಿಕೊಂಡ ಈ ಕಾಲೋನಿಯಲ್ಲಿ ಮನೆ ಅರ್ಧ ಬೆಲೆಗೆ ಸಿಗುತ್ತಿತ್ತು. ಷರತ್ತು ಒಂದೇ. ಮನೆಗೊಬ್ಬರು ದಿನಾ ಬೆಳಿಗ್ಗೆ ಬಯಲಿನಲ್ಲಿ ಓಡಬೇಕು, ಡ್ರೋನುಗಳು ಅವರಿಗೆ ರಬ್ಬರ್ ಗುಂಡು ಹೊಡೆದು ಗುರಿ ಕಲಿಯಬೇಕು. ಬಾಸುಂಡೆಗೆ ಅರಿಶಿನ ಹಚ್ಚಿಕೊಂಡು ಜನ ಆರಾಮಾಗಿ ಕೆಲಸಕ್ಕೆ ಹೋಗುತ್ತಿದ್ದರು. ಕಲ್ಲು ಕ್ವಾರಿಯಲ್ಲಿ ಕಾಲು ಮುರಿದುಕೊಂಡಿದ್ದ ತಿಪ್ಪೇಶನೂ ಪರೀಕ್ಷೆಗೆಂದು ಹಲ್ಲು ಕಚ್ಚಿ ಮೂರು ಸುತ್ತು ಓಡಿದ್ದ. ಹೆಂಡತಿ ಪಾಲಮ್ಮನಿಗೆ ಏಳು ತಿಂಗಳು. ಹೆರಿಗೆ ಪ್ಲಾಸ್ಟಿಕ್ ಶೀಟಿನ ಗುಡಿಸಲಲ್ಲಿ ಆಗಬಾರದು ಅನ್ನೋದೊಂದೇ ಅವನ ಹಟ.

ಗುಮಾಸ್ತ ಗಂಡನ ಪಕ್ಕದಲ್ಲೇ ನಿಂತಿದ್ದ ಪಾಲಮ್ಮನ ಹೊಟ್ಟೆ ನೋಡಿ ಮೆತ್ತಗಾದ. "ನೀನು ಓಡ್ತೀಯೇನಮ್ಮಾ? ಹೊಟ್ಟೇಲಿರೋದನ್ನೂ ಮಿಷನ್ನು ಎಣಿಸುತ್ತೆ. ಎರಡು ಗುರಿ ಅಂದ್ರೆ ಮನೆ ಇನ್ನೂ ಅಗ್ಗ."

ಈಗ ಯಾರೂ ನಗಲಿಲ್ಲ. "ಪುಣ್ಯ ಮಾಡಿದ್ದೀಯ ಕಣಯ್ಯ," ಅಂತ ಹಿಂದಿದ್ದವನೊಬ್ಬ ಹೊಟ್ಟೆಕಿಚ್ಚಿನಿಂದ ತಿಪ್ಪೇಶನ ಬೆನ್ನು ತಟ್ಟಿದ.

ಪಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾದ್ರೆ ಅಡುಗೆಮನೆ ಬೇರೆ ಇರೋದು ಸಿಗ್ತದಾ ಸಾ?"

"ಸಿಗ್ತದೆ. ಗಂಡ ಒಪ್ಪಬೇಕು, ಅಷ್ಟೇ." ಗುಮಾಸ್ತ ಹೆಬ್ಬೆಟ್ಟಿನ ಪ್ಯಾಡನ್ನು ತಿಪ್ಪೇಶನ ಮುಂದೆ ತಳ್ಳಿದ. "ಏನಂತೀಯಪ್ಪಾ?"

ತಿಪ್ಪೇಶ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚಪ್ಪಲಿ ಬಿಟ್ಟು ಬಯಲನ್ನು ಕಣ್ಣಲ್ಲೇ ಅಳೆಯುತ್ತಿದ್ದಳು.

ಅವನು ಪ್ಯಾಡನ್ನು ವಾಪಸ್ ತಳ್ಳಿದ. ಕ್ಯೂ ಸೀಳಿಕೊಂಡು, ಕಾಲೆಳೆಯುತ್ತ, ಹೊರಗಿನ ಗೇಟಿನ ಕಡೆ ನಡೆದುಬಿಟ್ಟ.