ನಾಲ್ಕನೆಯ ಕಾರು

ಶಾಬಾನ್ ಆ ಪುಟ್ಟ ಕಾರಿನ ಬಾನೆಟ್ಟಿನ ಕೆಳಗೆ ಬಾಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಸ್ಟಿಯರಿಂಗ್ ಹಿಂದೆ ಕೂತಿದ್ದ ತಂಗಿ ಇಬ್ತಿಹಾಲ್ ಉಸಿರು ಬಿಗಿಹಿಡಿದಳು. ಕೈರೋದ ಈ ಗ್ಯಾರೇಜು ಬೀದಿಯಲ್ಲಿ, ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್ಕಾದ ಅವನ ಕಿವಿಗೆ ಎದುರುಮಾತಿರಲಿಲ್ಲ. ಅವನು ಬೇಡವೆಂದ ಮೂರು ಕಾರುಗಳನ್ನು ಅವಳು ಕಣ್ಣೀರು ನುಂಗಿಕೊಂಡು ಬಿಟ್ಟಿದ್ದಳು. ಆಸ್ಪತ್ರೆಯ ಕೆಲಸಕ್ಕೆ ದಿನವೂ ಮೂರು ಮಿನಿಬಸ್ಸು ಬದಲಿಸುತ್ತ, ಹಿಂದಿನ ಸೀಟಿನಿಂದ ಚಾಚಿ ಬರುವ ಕೈಗಳನ್ನು ಸಹಿಸುತ್ತ ಓಡಾಡುತ್ತಿದ್ದಳು.

ಪಕ್ಕದ ಲಾರಿಯ ಅಬ್ಬರಕ್ಕೆ ಬೀದಿಯೇ ನಡುಗುತ್ತಿತ್ತು.

"ಹೇಗಿದೆ ಅಣ್ಣಾ?" ಎಂದು ಅವಳು ಕೂಗಿದಳು.

"ಟಕಟಕ ಅಂತಿದೆ ಕಣೇ. ಒಳಗೆಲ್ಲಾ ಸವೆದುಹೋಗಿದೆ."

"ಅಲ್ಲಾಗಾದ್ರೂ ಹೆದರಪ್ಪಾ ಮೇಸ್ತ್ರಿ!" ಕಾರು ಮಾರಲು ಬಂದಿದ್ದ ಹಾಜಿ ಮಿತ್ವಲ್ಲಿ ಎದೆ ಬಡಿದುಕೊಂಡ. "ನನ್ನ ಹೆಂಡ್ತಿ ದಿನಾ ಓಡಿಸ್ತಿದ್ದ ಗಾಡಿ ಇದು."

"ಅವರಿಗೆ ಕಿವಿ ಮಂದ ಇರ್ಬೇಕು, ಹಾಜಿ." ಶಾಬಾನ್ ಕಣ್ಣು ಮುಚ್ಚಿಕೊಂಡೇ ನಕ್ಕ. "ಇಳಿಯೇ ಕೆಳಗೆ. ಹೆಂಗಸರಿಗೆ ಮಿನಿಬಸ್ಸೇ ಕ್ಷೇಮ."

ಇಬ್ತಿಹಾಲ್ ಇಳಿಯಲಿಲ್ಲ.

"ಅಣ್ಣಾ, ನಾನಿನ್ನೂ ಸ್ಟಾರ್ಟೇ ಮಾಡಿಲ್ಲ."

ಶಾಬಾನ್ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.